ಎರಡನೇ ಸಾಲಿನಲ್ಲಿ ಕೂತವನು

ತಾಯಂದಿರೇ, ಅಪ್ಪಂದಿರೇ, ಒಂದೂರಲ್ಲಿ ಬಹಳ ಓದಿದವನೊಬ್ಬ ಇದ್ದ. ಊರಿನ ಹೆಸರು ಬೇಡ ಬಿಡಿ, ಆ ಊರಿನವರು ಇಲ್ಲೇ ಮುಂದೆ ಕೂತಿರಬಹುದು. ಅವನನ್ನು ಈರಸಂಗಪ್ಪ ಅಂತ ಕರೆಯೋಣ.

ಏನು ಓದಿದ್ದ? ರಾಜ್ಯಶಾಸ್ತ್ರ. ಅಧಿಕಾರ ಎಲ್ಲಿಂದ ಹುಟ್ಟುತ್ತೆ, ಪ್ರಜೆ ಅಂದರೆ ಯಾರು, ಸಂಸತ್ತಿನ ಕೆಲಸ ಏನು, ಪಂಚಾಯ್ತಿಯ ಕೆಲಸ ಏನು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ದೊಡ್ಡ ಪರೀಕ್ಷೆಗೆ ತಯಾರಿ ನಡೆಸಿದ್ದ. ಮಾಳಿಗೆಯ ಕೋಣೆ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಒಂದು ದಿನ ದುರಗವ್ವ ಬಂದಳು. ಊರ ಹೊರಗೆ ಬುಟ್ಟಿ ಹೆಣೆದು ಬದುಕುವವರ ಗುಡಿಸಲುಗಳಿದ್ದವು, ಅಲ್ಲಿಯ ಮುದುಕಿ.

"ಸರ, ನಮ್ಮ ನಳದ ನೀರು ಬಂದ್ ಮಾಡ್ತಾರಂತ್ರಿ. ನಾಳೆ ಗ್ರಾಮಸಭಾದಾಗ ಠರಾವು ಮಾಡ್ತಾರಂತ. ನಮ್ಮ ಪರ ಒಂದ್ ಮಾತು ಹೇಳ್ರಿ."

ಈರಸಂಗಪ್ಪನಿಗೆ ಹುರುಪು ಬಂತು. "ಯವ್ವಾ, ಗ್ರಾಮಸಭಾ ಅಂದ್ರ ಏನಂತ ತಿಳಕೊಂಡಿ? ಊರಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. ಅಲ್ಲಿ ನಿನ್ನ ಮಾತಿಗೂ ಅಧ್ಯಕ್ಷನ ಮಾತಿಗೂ ಒಂದ ತೂಕ."

"ಅದೆಲ್ಲಾ ನಂಗ ತಿಳಿಯಂಗಿಲ್ಲೋ ಯಪ್ಪಾ. ನೀವು ಬರ್ತೀರೇನು?"

"ಬರ್ತೀನಿ."

ಹೋದನೇ? ಇಲ್ಲ. ಮರುದಿನ ಮಧ್ಯಾಹ್ನ ಸಭೆಯ ಮೈಕಿನ ಸದ್ದು ಮಾಳಿಗೆವರೆಗೂ ಬಂತು. ಎದ್ದು ಕಿಟಕಿ ಮುಚ್ಚಿದ. ಅವತ್ತು ಓದುತ್ತಿದ್ದ ಪಾಠ ಯಾವುದು ಗೊತ್ತೇನು? ಜನರೇ ಪ್ರಭುಗಳು ಅನ್ನುವ ಪಾಠ! ನೋಡಿ, ನಗಬೇಡಿ. ನಗುವ ಕಥೆಯಲ್ಲ ಇದು.

ಸಂಜೆ ಚಹಾ ಕುಡಿಯಲು ಇಳಿದ. ಹೋಟೆಲಿನವನು ಅಂದ, "ಛಲೋ ಆತ್ರಿ ಸರ. ನೀವು ಕೈ ಎತ್ತಿದ ಮ್ಯಾಲೆ ಮತ್ಯಾರೂ ತಕರಾರು ಮಾಡ್ಲಿಲ್ಲಂತ. ನಳಾ ಬಂದ್ ಆತು."

"ನಾ ಎಲ್ಲಿ ಸಭಾಕ್ಕ ಹೋಗಿದ್ನೋ?"

"ಚೇಷ್ಟೆ ಮಾಡ್ಬ್ಯಾಡ್ರಿ. ನೋಡಿದವರು ಇಲ್ಲೇ ಕುಂತು ಹೇಳಿದ್ರು. ಎರಡನೇ ಸಾಲಿನ್ಯಾಗ ಇದ್ರಿ. ಇದ ಬಿಳಿ ಅಂಗಿ."

ಈರಸಂಗಪ್ಪ ತನ್ನ ಅಂಗಿ ನೋಡಿಕೊಂಡ. ಬಿಳಿಯದೇ. ಪಂಚಾಯ್ತಿಯ ಪಿಡಿಒ ಅವರನ್ನು ಕೇಳಿದ, ಅವರೂ ಅದನ್ನೇ ಹೇಳಿದರು. ಮನೆಗೆ ಓಡಿ ಹೆಂಡತಿಯನ್ನು ಕೇಳಿದ. "ನೀವು ಮಾಳಿಗಿ ಇಳದ ಇಲ್ಲಲ್ರೀ" ಅಂದಳು ಅವಳು. ದುರಗವ್ವ ದಾರಿಯಲ್ಲಿ ಸಿಕ್ಕಾಗ ಬೈಯಲಿಲ್ಲ. ಅವನ ಬಲಗೈಯನ್ನೇ ನೋಡುತ್ತಾ, "ಬರ್ತೀನಂದ್ರಿ. ಬಂದ್ರಿ" ಅಂದು ನಡೆದಳು.

ನಲ್ಲಿ ನಿಂತಿತು. ಗುಡಿಸಲಿನವರು ಹಳ್ಳದ ನೀರಿಗೆ ಹೊರಟರು. ದುರಗವ್ವನ ಬಸುರಿ ಸೊಸೆ ಕೊಡ ಹೊತ್ತು ದಂಡೆ ಏರುವಾಗ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಆಮೇಲೆ ಈರಸಂಗಪ್ಪನಿಗೆ ಓದಲಾಗಲಿಲ್ಲ. ಕೂತಲ್ಲಿ ಕೈ ತಾನಾಗಿ ಮೇಲೇಳುತ್ತೇನೋ ಅನ್ನುವ ಭಯ. ಅಷ್ಟರಲ್ಲಿ ಇನ್ನೊಂದು ಸಭೆ ಸಾರಿದರು. ಈ ಸಲ ಗುಡಿಸಲುಗಳನ್ನೇ ಕಿತ್ತು ಹಾಕುವ ಠರಾವು.

ಈ ಸಲ ಹೋದ. ದಾರಿಯಲ್ಲಿ ಹೋಟೆಲಿನವನು ಚಹಾ ಸೋಸುತ್ತಿದ್ದ. ಶಾಲೆಯ ಮಾಸ್ತರರು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಇದನ್ನೆಲ್ಲ ಕಣ್ಣಾರೆ ಕಂಡು ಸಮುದಾಯ ಭವನದ ಬಾಗಿಲಿಗೆ ಬಂದ. ಒಳಗೆ ನೋಡಿದ.

ಭವನ ತುಂಬಿತ್ತು. ಅದೇ ಹೋಟೆಲಿನವನು ಅಲ್ಲಿ ಕೂತಿದ್ದ. ಅದೇ ಮಾಸ್ತರರು ಕೂತಿದ್ದರು. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು, ಆದರೆ ಯಾರ ಸೆರಗೂ ಅಲುಗುತ್ತಿರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಒಬ್ಬರೂ ರೆಪ್ಪೆ ಮಿಟುಕಿಸಲಿಲ್ಲ. ಎರಡನೇ ಸಾಲಿನ ನಡುವೆ ಬಿಳಿ ಅಂಗಿ ತೊಟ್ಟು ಅವನೇ ಕೂತಿದ್ದ. ಈರಸಂಗಪ್ಪನೇ.

"ಎಲ್ಲಾರ ಒಪ್ಪಿಗಿ ಐತೇನ್ರಿ?" ಅಧ್ಯಕ್ಷ ಕೇಳಿದ.

ಕೈಗಳು ಒಟ್ಟಿಗೆ ಎದ್ದವು. ಸದ್ದೇ ಇಲ್ಲ. ಹಿಂದೆ ನೆಲದ ಮೇಲೆ ಕೂತಿದ್ದ ದುರಗವ್ವ ಮತ್ತು ಅವಳ ಮಂದಿ ತಲೆ ತಗ್ಗಿಸಿದರು.

ಬಾಗಿಲಲ್ಲಿ ನಿಂತವನಿಗೆ ಓಡಿ ಹೋಗಬೇಕು ಅನ್ನಿಸಿತು. ಓಡಲಿಲ್ಲ. ಸಾಲುಗಳ ನಡುವೆ ತೂರಿ ಹೋಗಿ, ಎತ್ತಿದ್ದ ಆ ಕೈಯ ಮಣಿಕಟ್ಟು ಹಿಡಿದ. ಹೆಣದಷ್ಟು ತಣ್ಣಗಿತ್ತು. ಬಲವಾಗಿ ಕೆಳಗೆ ಜಗ್ಗಿದ.

"ನನ್ನ ಒಪ್ಪಿಗಿ ಇಲ್ಲ!"

ಹಿಡಿದ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಮುಂದೆ ಬರಿ ಕುರ್ಚಿ. ಸುತ್ತ ಬರಿ ಕುರ್ಚಿಗಳು. ಅಧ್ಯಕ್ಷ ಕನ್ನಡಕ ತೆಗೆದು ಒರೆಸಿಕೊಂಡ. "ಈಗ ಮಂದಿ ತುಂಬಿದ್ರಲ್ಲೋ?"

"ಎಣಿಸ್ರಿ" ಅಂದ ಈರಸಂಗಪ್ಪ. ದನಿ ನಡುಗುತ್ತಿತ್ತು. "ಇರಬೇಕಾದಷ್ಟು ಮಂದಿ ಇಲ್ಲ. ಕೋರಂ ಇಲ್ಲದ ಠರಾವು ನಡಿಯಂಗಿಲ್ಲ."

ಸಭೆ ಮುಂದಕ್ಕೆ ಹೋಯಿತು. ಮುಂದಿನ ಸಭೆಗೆ ಅವನು ಮನೆ ಮನೆ ತಿರುಗಿ ಮಂದಿಯನ್ನು ಕರೆತಂದ. ಗುಡಿಸಲು ಉಳಿದವು, ನಲ್ಲಿಯಲ್ಲಿ ಮತ್ತೆ ನೀರು ಬಂತು. ಕೂಸು ಬರಲಿಲ್ಲ. ಆ ಸೊಸೆ ಇವತ್ತಿಗೂ ಅವನ ಮುಖ ನೋಡುವುದಿಲ್ಲ.

ಈಗ ನೀವು ಹೇಳಿ. ನಾವು ಸಭೆಗೆ ಹೋಗದಿದ್ದರೆ ನಮ್ಮ ಕುರ್ಚಿ ಖಾಲಿ ಇರುತ್ತೆ ಅಂತ ತಿಳಿದಿದ್ದೇವಲ್ಲ, ನಿಜವೇ? ಖಾಲಿ ಇರಲ್ಲ ತಾಯಿ, ಖಾಲಿ ಇರಲ್ಲ. ನಮ್ಮ ಹೆಸರಲ್ಲಿ ಏನೋ ಒಂದು ಅಲ್ಲಿ ಕೂತು, ಕೇಳಿದ್ದಕ್ಕೆಲ್ಲ ಕೈ ಎತ್ತುತ್ತೆ. ಯಾರದೋ ನೀರು ನಿಲ್ಲುತ್ತೆ, ಯಾರದೋ ಮಗು ಸಾಯುತ್ತೆ, ನಾವು ಮನೆಯಲ್ಲಿ ಕೂತು ಟಿವಿ ನೋಡಿ ಸರ್ಕಾರವನ್ನು ಬೈಯುತ್ತೇವೆ. ಸಂವಿಧಾನ ಓದಿ, ಬೇಡ ಅನ್ನಲ್ಲ. ಮಕ್ಕಳಿಗೂ ಓದಿಸಿ. ಓದಿದ ಮೇಲೆ ಕಾಲಿಗೆ ಚಪ್ಪಲಿ ಮೆಟ್ಟಿ ಹೊರಡಿ. ತಿಳಿಯದಿದ್ದರೆ ಎದ್ದು ನಿಂತು ಕೇಳಿ. ಒಪ್ಪದಿದ್ದರೆ ಒಪ್ಪಲ್ಲ ಅನ್ನಿ, ದನಿ ನಡುಗಿದರೂ ಅನ್ನಿ.

ಬರುವ ಸೋಮವಾರ ನಿಮ್ಮೂರಲ್ಲೂ ಗ್ರಾಮಸಭೆ ಇದೆ. ಅವತ್ತು ನಾನು ಪ್ರವಚನ ಇಟ್ಟುಕೊಂಡಿಲ್ಲ. ಮಠದ ಬಾಗಿಲು ಹಾಕಿರುತ್ತೆ. ಯಾರೂ ಇಲ್ಲಿಗೆ ಬರಬೇಡಿ.