ಮಿಂಚುಹುಳದ ರವಿಕೆ

ಒಂದಾನೊಂದು ಊರಿನಲ್ಲಿ ಬೆಳಕನ್ನೇ ಉಡುತ್ತೇನೆಂದು ಹಟ ಹಿಡಿದ ಹುಡುಗಿಯಿದ್ದಳು ಎಂದು ನನ್ನಜ್ಜಿ ಕಥೆ ಶುರುಮಾಡುತ್ತಿದ್ದಳು. ಆ ಊರು ಹಲಸೂರೇ ಇರಬೇಕೆಂದು ನನಗನ್ನಿಸಿದ್ದು ಯುದ್ಧದ ಕಾಲದಲ್ಲಿ, ರೇಷನ್ ಬಟ್ಟೆಯ ಸಾಲಿನಲ್ಲಿ. ನನ್ನ ಮುಂದೆ ಜರಿ ಕಸೂತಿಯ ಚಾಂದ್ ಬೀ, ಮಗಳು ರತ್ನಳನ್ನು ಕಳೆದುಕೊಂಡ ಅಂಜಿನಮ್ಮ ನಿಂತಿದ್ದರು.

“ಕೆರೆ ಮೇಲಿನ ಬೆಳಗು, ಸಂಜೆ, ಬೆಳದಿಂಗಳು, ಈ ಮೂರು ಕಸೂತಿ ರವಿಕೆನೂ ತಯಾರು. ನಾಲ್ಕೂ ಒಟ್ಟಿಗೆ ಕೊಡ್ತೀನಿ ಅಂತ ನಿಮ್ಮ ರತ್ನ ಅಂಗಡಿಯವ್ರಿಗೆ ಮಾತು ಕೊಟ್ಟಿದ್ಳು. ಮಿಂಚುಹುಳದ್ದು ಎಲ್ಲಿ, ಅಂಜಿನಮ್ಮ?”

“ಚೀಲದಲ್ಲೇ ಐತೆ, ಬೀಬಮ್ಮ. ಅವಳು ಚುಚ್ಚಿಟ್ಟ ಸೂಜಿನೂ ಹಂಗೇ ಐತೆ.”

“ತೀರಿಹೋದೋರ ಸೂಜೀನ ಮನೆಯೋರೇ ಕೀಳ್ಬೇಕು. ನಮ್ಮ ಕೆಲಸದೋರು ಯಾರೂ ಮುಟ್ಟಲ್ಲ.”

“ಸಂಜೆಯಾದ್ರೆ ಅವಳ ಮಿಷನ್ ತುಳಿಯೋ ಸದ್ದು ಬರ್ತೈತೆ.”

“ಮುಗಿಸೋಕೆ ಬರ್ತಾಳೆ, ಪಾಪ.”

“ಮುಗಿದುಹೋದ್ರೆ ಬರೋದೇ ಇಲ್ವಲ್ಲ.”

ಸಾಲು ಸ್ವಲ್ಪ ಮುಂದೆ ಸರಿಯಿತು.

“ಬದುಕಿದ್ದಾಗ, ಉಂಡು ಹೊಲಿಯೇ ಅಂತ ಬೈತಿದ್ರಿ. ಈಗ ಅನ್ನಾನೂ ಹಾಕದೆ ದುಡಿಸ್ತಿದೀರ.”

“ನಿಮ್ಮ ಬಾಯಿಗೆ ಬೀಗ ಹಾಕ,” ಎಂದು ಅಂಜಿನಮ್ಮ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಚೀಲದಿಂದ ಕಪ್ಪು ರವಿಕೆ ತೆಗೆದರು. ತೋಳಿನ ತುಂಬ ಜರಿಯ ಚುಕ್ಕೆಗಳು. ಒಂದು ಮಾತ್ರ ಅರ್ಧ.

“ಕೈ ನಡುಗ್ತೈತೆ.”

“ನಡುಗ್ಲಿ ಬಿಡಿ. ಮಿಂಚುಹುಳ ಎಲ್ಲಿ ನೆಟ್ಟಗೆ ಹಾರ್ತದೆ?”

ಸೂಜಿ ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ಅಂಜಿನಮ್ಮ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದರು.

“ಆಯ್ತು ಕಣವ್ವ. ಇನ್ನು ಮಲಕ್ಕೊ.”

ಇಬ್ಬರೂ ಸಾಲು ಬಿಟ್ಟು, ರತ್ನ ಮಾತು ಕೊಟ್ಟಿದ್ದ ಅಂಗಡಿಯ ದಾರಿ ಹಿಡಿದರು.