ಸನ್ಮಾನಪತ್ರ ಓದುವವಳು

ಕಡಬದಲ್ಲಿ ನೆಲ್ಯಾಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು, ಒಬ್ಬಳ ಕೈಯಲ್ಲಿ ಮಡಚಿದ ಕಾಗದ. ಅವರು ಮಾತಾಡಿದ್ದನ್ನು ಫೋನಲ್ಲೇ ಬರೆದುಕೊಂಡೆ.

“ಯಶಸ್ವಿ, ಎಂತ ಅದು?”

“ಭವಿತಣ್ಣನ ಸನ್ಮಾನಪತ್ರ ಮಾರಾಯ್ತಿ. ನಾಳೆ ಯುವಕ ಮಂಡಲದ ಸ್ಟೇಜಲ್ಲಿ ನಾನೇ ಓದ್ಬೇಕಂತೆ.”

“ಹುಡುಗಿಯರು ಕಾಲಿನ ಚಪ್ಪಲಿ ಅಂತ ರ್‍ಯಾಪ್ ಹಾಡಿದವನಿಗೆ ಸನ್ಮಾನವಾ?”

“ಹತ್ತು ಲಕ್ಷ ವ್ಯೂಸ್ ಉಂಟಲ್ಲ. ಅದು ಬರೀ ತಮಾಷೆಯಂತೆ.”

“ನಿನ್ನ ರ್‍ಯಾಪಲ್ಲಿ ಎಂತ ಇತ್ತು? ಬಸ್ಸಲ್ಲಿ ಮೈಗೆ ತಾಗುವವರಿಗೆ ಬೈದದ್ದು, ಅಷ್ಟೇ.”

“ಅಷ್ಟಕ್ಕೇ ಮಂಡಲದ ಕುಣಿತ ಭಜನೆ ತಂಡದಿಂದ ನನ್ನನ್ನು ತೆಗೆದ್ರು. ಊರಿನ ಮರ್ಯಾದೆ ಹೋಯ್ತಂತೆ.”

“ನಾಳೆ ಜ್ವರ, ಬರ್ಲಿಕ್ಕಾಗುದಿಲ್ಲ ಅಂತ ಹೇಳು.”

“ಮಂಡಲದ ಅಧ್ಯಕ್ಷರು ನನ್ನ ಮಾವ ಅಲ್ವಾ, ಸುಳ್ಳು ಗೊತ್ತಾಗ್ತದೆ! ಇದನ್ನು ಓದಿದ್ರೆ ಭಜನೆಗೆ ವಾಪಸ್ ಸೇರಿಸ್ತಾರಂತೆ. ಅಮ್ಮ ಒಪ್ಪಿಯೂ ಆಯ್ತು.”

“ಎಂತ ಬರ್ದಿದ್ದಾರೆ, ಓದು ನೋಡುವ.”

“‘ಊರಿನ ಸಹೋದರಿಯರ ಪ್ರೀತಿಯ ಅಣ್ಣ...’”

“ಥೂ! ಆ ಸಾಲು ಬಿಟ್ಬಿಡು.”

“ಇದು ಕಾಪಿ ಅಷ್ಟೇ, ಅಸಲಿಗೆ ಫ್ರೇಮ್ ಹಾಕಿಸಿ ಆಗಿದೆ, ಬಿಟ್ರೆ ಗೊತ್ತಾಗ್ತದೆ. ಓದುವುದನ್ನು ವಿಡಿಯೋ ಬೇರೆ ಮಾಡ್ತಾರೆ. ನಗಾಡಿಕೊಂಡು ಓದು ಅಂದಿದ್ದಾರೆ ಮಾವ.”

ಪಂಜದ ಬಸ್ಸು ಬಂತು. ಇಬ್ಬರೂ ಹತ್ತಿ ಕಿಟಕಿ ಬದಿಯ ಸೀಟು ಹಿಡಿದರು. ಯಶಸ್ವಿ ಕಾಗದ ಬಿಡಿಸಿ ನಗುತ್ತಾ ಓದತೊಡಗಿದಳು.

“ಅಷ್ಟು ಹಲ್ಲು ಬೇಡ,” ಎಂದಳು ಗೆಳತಿ. “ಸ್ವಲ್ಪ ಕಡಿಮೆ ನಗು.”

ಬಸ್ಸು ಹೊರಟಿತು.