ಕೊನೇ ಹದಿನಾರು ಪುಟ

ಅಯ್ಯೋ ಇಲ್ಲ ಅತ್ತಿಗೆ, ಕಾದಂಬರಿ ಅಲ್ಲಿಗೇ ಮುಗಿಯೋದು! ಇನ್ನೊಂದ್ಸಲ ತಿರುವಿ ಹಾಕಿದ್ರೆ ಹೊಸ ಪುಟ ಹುಟ್ಟುತ್ತಾ? ಕೂತ್ಕೊಳ್ಳಿ ಮೊದಲು. ಅಯ್ಯಯ್ಯೋ, ಆ ಸ್ಟೂಲ್ ಬೇಡ, ಅಂಟು ಚೆಲ್ಲಿದೆ... ಕೂತ್ರೆ ಲೈಬ್ರರಿ ಆಸ್ತಿ ಆಗ್ಬಿಡ್ತೀರಿ. ನಂಬರ್ ಹಾಕಿ ಕಪಾಟಲ್ಲಿ ನಿಲ್ಲಿಸಬೇಕಾಗುತ್ತೆ!

ಬೈಂಡಿಂಗ್ ಹೇಗಿದೆ ಹೇಳಿ. ನಾದಿನಿ ಕೈಗೆ ಕೊಟ್ಟಿದ್ದು ಸಾರ್ಥಕ ಆಯ್ತು ತಾನೇ? ನೀವು ತಂದಾಗ ಪುಟಗಳೆಲ್ಲ ಉದುರ್ತಿದ್ವು. ಊಟ ಮಾಡ್ತಾ ಓದೋ ಮಹಾರಾಯ ಅಣ್ಣ, ಪುಟಪುಟಕ್ಕೂ ಎಣ್ಣೆ ಕಲೆ...

ಏನದು, ಬೆರಳಿಟ್ಟು ತೋರಿಸ್ತಿದೀರಿ? ವಾಕ್ಯ ಅರ್ಧಕ್ಕೇ ನಿಂತಿದೆಯಾ? ಎಲ್ಲಿ... "ಅಂಬಿಗ ದೋಣಿಯ ಹಗ್ಗ ಬಿಚ್ಚಿ, ಹೆಂಡತಿಯ ಕಡೆ ತಿರುಗಿ"... ಹೂಂ. ತಿರುಗಿದ, ಅಷ್ಟೇ! ಈಗಿನ ಲೇಖಕರು ಹಾಗೇನೇ. ಅರ್ಧ ಬರೆದು ಮಿಕ್ಕಿದ್ದನ್ನ ನಮ್ಮ ತಲೆಗೆ ಕಟ್ತಾರೆ. ಹೊಸ ಶೈಲಿ!

ಯಾಕೆ ಹಾಗೆ ನೋಡ್ತೀರಿ? ಸರಿ, ಸರಿ. ಗೆದ್ದಲು. ಹದಿನಾರು ಪುಟ ಒಟ್ಟಿಗೆ ಮಡಚಿದ್ರೆ ಅದಕ್ಕೆ ಫಾರಂ ಅಂತೀವಿ. ಅಂಥ ಕೊನೇ ಫಾರಂನ ಗೆದ್ದಲು ತಿಂದಿತ್ತು... ಹೌದು, ಅದೊಂದನ್ನೇ! ಗೆದ್ದಲಿಗೂ ರುಚಿ ಅನ್ನೋದು ಇರಲ್ವಾ?

ಹಾಂ, ನಕ್ರಿ! ಅಣ್ಣ ಬಸ್ ಅಪಘಾತದಲ್ಲಿ ಹೋದಮೇಲೆ ಇದೇ ಮೊದಲು ನಿಮ್ಮ ಹಲ್ಲು ಕಾಣ್ತಿರೋದು. ಮನೆಗೆ ಮನೆಯೇ ಬಾಯಿಗೆ ಬೀಗ ಹಾಕ್ಕೊಂಡಿತ್ತಲ್ಲ. ಮೊನ್ನೆ ನೀವು ಪಾತ್ರೆ ತೊಳೀತಾ ಅಣ್ಣನ ಹಾಡು ಗುನುಗಿದ್ರಂತೆ. ಅಮ್ಮ ಬಾಗಿಲ ಹಿಂದೆ ನಿಂತು ಕೇಳಿ ಅತ್ಲಂತೆ. ಅತ್ತು, ಮುಖ ತೊಳೆದು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ್ಲು. ನಿಮ್ಮ ಹಾಡಿನ ಶ್ರುತಿ ಮಾತ್ರ... ಬಿಡಿ, ಅಣ್ಣನದೂ ಅಷ್ಟೇ. ಹೇಳಿ ಮಾಡಿಸಿದ ಜೋಡಿ!

ನಾನಾ? ನಾನು ಹಿತ್ತಲಲ್ಲಿದ್ದೆ. ಒಣಗಿದ ಬಟ್ಟೆ ತರೋಕೆ... ಹೂಂ, ಒಣಗಿರಲಿಲ್ಲ. ಹಾಡು ಶುರುವಾಯ್ತು, ಎದ್ದು ಹೋದೆ. ನೀವೊಬ್ರು! ಪೊಲೀಸರ ಥರ ಎಲ್ಲಾ ಗಮನಿಸ್ತೀರಿ.

ಆಯ್ತು ಮಾರಾಯ್ರೆ, ಗೆದ್ದಲಲ್ಲ. ನಾನೇ ತೆಗೆದೆ. ನಿಮಗೋಸ್ಕರ! ಅಂಬಿಗ ಮುಳುಗಿ ಸಾಯೋದನ್ನ ನೀವು ಓದೋದು ಬೇಡ ಅಂತ... ತಲೆ ಅಲ್ಲಾಡಿಸ್ತೀರಲ್ಲ, ಮೊದಲೇ ಗೊತ್ತಿತ್ತಾ? ಅಣ್ಣ ಹೇಳಿಬಿಟ್ಟಿದ್ನಾ? ಹಾಳು ಚಟ ಅವನದು! ಯಾರ ಕೈಯಲ್ಲಿ ಕಾದಂಬರಿ ಕಂಡ್ರೂ ಕೊನೆ ಮೊದಲೇ ಹೇಳಿ ಮಜಾ ತಗೊಳ್ತಿದ್ದ. ನನಗೂ ಅವನೇ ಹೇಳಿದ್ದು.

ಗೊತ್ತಿದ್ದೂ ಯಾಕೆ ಬೇಕು ನಿಮಗೆ ಆ ಪುಟಗಳು?... ಹೌದು, ಅವನು ಮುಳುಗಿದ ಮೇಲೂ ಕಥೆ ಇದೆ. ಹೆಂಡತಿ ಹುಟ್ಟು ಹಿಡಿದು, ಅದೇ ದೋಣೀಲಿ, ಅದೇ ಹೊಳೇಲಿ ಜನರನ್ನ ದಾಟಿಸ್ತಾಳೆ. ಅಯ್ಯೋ... ನಿಮಗೆ ಬೇಕಾಗಿದ್ದು ಅದು. ಅದನ್ನೂ ಸೇರಿಸಿ ಕಿತ್ತಿಟ್ಟೆನಲ್ಲ ಅತ್ತಿಗೆ!

ತಗೊಳ್ಳಿ, ಡ್ರಾಯರ್‌ನಲ್ಲೇ ಇದೆ. ಒಂದಕ್ಷರ ಹಾಳಾಗಿಲ್ಲ. ಕೂತಿರಿ, ಈಗಲೇ ಸೇರಿಸಿ ಹೊಲಿದು ಕೊಡ್ತೀನಿ... ಪುಟಗಳನ್ನ ನನ್ನ ಕಡೆಗ್ಯಾಕೆ ಚಾಚ್ತೀರಿ? ನನಗೆ ಓದೋಕೆ ಎಲ್ಲಿದೆ ಪುರಸೊತ್ತು? ರಾಶಿ ಕೆಲಸ ಬಿದ್ದಿದೆ...

ಅತ್ತಿಗೆ, ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಆ ಪುಟಗಳನ್ನ ಮಾತ್ರ ನನ್ನ ಮಡಿಲಿಗೆ ಹಾಕ್ಬೇಡಿ.

ನಿಮಗೋಸ್ಕರ ಅಲ್ಲ. ಸರಿನಾ? ಹೊಲೀತಾ ಹೊಲೀತಾ ಆ ಸಾಲಿನವರೆಗೆ ಓದಿದೆ... ಮುಂದಿನ ಪುಟಕ್ಕೆ ಕೈ ಹೋಗ್ಲಿಲ್ಲ. ಅಲ್ಲಿಗೇ ನಿಲ್ಲಿಸಿದ್ರೆ ಅವನು ಇನ್ನೂ ದಡದಲ್ಲೇ ಇರ್ತಾನೆ ಅತ್ತಿಗೆ.

ಎಲ್ಲರೂ ಅತ್ರು. ನಾನಿನ್ನೂ ಅತ್ತೇ ಇಲ್ಲ.

ನೀವೇ ಓದಿ... ಅಲ್ಲ, ಮನಸ್ಸಲ್ಲಿ ಅಲ್ಲ. ಗಟ್ಟಿಯಾಗಿ ಓದಿ. ಹೆಂಡತಿಯ ಕಡೆ ತಿರುಗಿ... ಏನಂದ ಅವನು?